ವಿದ್ಯಾರ್ಥಿಗಳು ಕಾಲೇಜು ಬಿಡುವುದು ಎಲ್ಲಿ? ಮೊದಲು ಅದನ್ನು ಎಣಿಸಿ

ಪ್ರಶ್ನೆ: ನಾನು ಶಿವಮೊಗ್ಗದವಳು. ಬೆಂಗಳೂರಿನಲ್ಲಿ ಕೆಲವು ವರ್ಷ ಐಟಿಯಲ್ಲಿದ್ದೆ. ಈಗ ಅಮೆರಿಕದ ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಡೇಟಾ ಅನಲಿಸ್ಟ್ ಆಗಿದ್ದೇನೆ. ನಮ್ಮಲ್ಲಿ ಸೇರುವವರು ಬಹಳ, ಪದವಿ ಮುಗಿಸುವವರು ತೀರಾ ಕಮ್ಮಿ. ಯಾವ ವಿದ್ಯಾರ್ಥಿ ಕಾಲೇಜು ಬಿಡುತ್ತಾನೆ ಅಂತ ಮೊದಲೇ ಹೇಳುವ ಸಾಫ್ಟ್‌ವೇರ್ ಒಂದನ್ನು ಒಂದು ಕಂಪನಿ ತೋರಿಸಿ ಹೋಗಿದೆ. ನಮ್ಮ ಪ್ರೆಸಿಡೆಂಟ್‌ಗೆ ಅದು ತುಂಬ ಹಿಡಿಸಿದೆ. ಕೊಳ್ಳಬೇಕಾ ಬೇಡವಾ ಅಂತ ನನ್ನನ್ನು ಕೇಳಿದ್ದಾರೆ. ನಾನು ಯಾವ ಡೇಟಾ ಮೊದಲು ನೋಡಬೇಕು? ವಿದ್ಯಾರ್ಥಿಗಳ ಡೇಟಾವನ್ನು ಹೀಗೆ ಬಳಸುವುದು ಸರಿಯಾ?

ಉತ್ತರ: ಈಗಲೇ ಕೊಳ್ಳಬೇಡಿ ಮೇಡಂ. ಆ ಸಾಫ್ಟ್‌ವೇರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಹೇಳುವುದು ಯಾರು ಬಿಡಬಹುದು ಅಂತ. ನಿಮಗೆ ಮೊದಲು ಗೊತ್ತಾಗಬೇಕಾದ್ದು, ಎಲ್ಲಿಗೆ ಬಂದು ಬಿಡುತ್ತಾರೆ, ಆ ಜಾಗದಲ್ಲಿ ಕಾಲೇಜು ಏನು ಅಡ್ಡ ಇಟ್ಟಿದೆ ಅಂತ. ಇದಕ್ಕೆ ಬೇಕಾದ ಡೇಟಾ ನಿಮ್ಮ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಲೇ ಇದೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಎರಡು ಮಾತು. ಕಮ್ಯುನಿಟಿ ಕಾಲೇಜು ಅಂದರೆ ಅಮೆರಿಕದ ಎರಡು ವರ್ಷದ ಸರ್ಕಾರಿ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದದ್ದನ್ನು ಮೊದಲನೆಯದು ಅನ್ನುತ್ತಾರೆ. ಈಗ ದೇಶದಲ್ಲಿ ಸುಮಾರು ಸಾವಿರ ಇವೆ. ಕಟ್‌ಆಫ್ ಇಲ್ಲ, ನಮ್ಮ ಸಿಇಟಿ ಥರದ ಪರೀಕ್ಷೆ ಇಲ್ಲ, ಫೀಸು ಕಮ್ಮಿ. ನರ್ಸಿಂಗ್, ವೆಲ್ಡಿಂಗ್, ಅಕೌಂಟ್ಸ್, ಕಂಪ್ಯೂಟರ್ ಎಲ್ಲ ಒಂದೇ ಕ್ಯಾಂಪಸ್ಸಿನಲ್ಲಿ. ಅಸೋಸಿಯೇಟ್ ಅನ್ನುವ ಎರಡು ವರ್ಷದ ಪದವಿ ಮುಗಿಸಿ, ಪಾಸಾದ ಕೋರ್ಸುಗಳಿಗೆ ಸಿಕ್ಕ ಕ್ರೆಡಿಟ್‌ಗಳ ಮೇಲೆ ದೊಡ್ಡ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಿಕೊಳ್ಳಬಹುದು. ಓದುವವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಪಾರ್ಟ್‌ಟೈಮ್. ಹಗಲು ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿದು, ಸಂಜೆ ಕ್ಲಾಸಿಗೆ ಬರುವವರು. ಆರು ವರ್ಷ ಕಾದು, ಬೇರೆ ಕಾಲೇಜಿಗೆ ಹೋಗಿ ಮುಗಿಸಿದವರನ್ನೂ ಸೇರಿಸಿ ಎಣಿಸಿದರೂ ಕಮ್ಯುನಿಟಿ ಕಾಲೇಜಿನಲ್ಲಿ ಶುರು ಮಾಡಿದ ನೂರು ಜನರಲ್ಲಿ ಮುಗಿಸುವವರು 40ರ ಮೇಲೆ ಸ್ವಲ್ಪ, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಪ್ರೆಸಿಡೆಂಟ್ ಬಾಯಲ್ಲಿ ಓಡಾಡುತ್ತಿರುವ ಆ ಶೇಕಡಾವಾರು ಯಾವುದು ಅಂತ ಮೊದಲು ಕೇಳಿಕೊಳ್ಳಿ. ಬಹುಶಃ ಅದು ಕೇಂದ್ರ ಸರ್ಕಾರಕ್ಕೆ ವರ್ಷಾವರ್ಷ ಕಳಿಸುವ ಗ್ರಾಜುಯೇಷನ್ ರೇಟ್. 1990ರ ಕಾನೂನಿನಿಂದ ಬಂದ ಲೆಕ್ಕ ಅದು. ಮೊದಲ ಸಲ ಕಾಲೇಜಿಗೆ ಬಂದ, ಫುಲ್‌ಟೈಮ್ ಓದುವ ವಿದ್ಯಾರ್ಥಿಗಳನ್ನು ಮಾತ್ರ ಹಿಡಿದು, ಎರಡು ವರ್ಷದ ಪದವಿಯನ್ನು ಮೂರು ವರ್ಷದೊಳಗೆ ಎಷ್ಟು ಜನ ಮುಗಿಸಿದರು ಅಂತ ನೋಡುತ್ತದೆ. ಪಾರ್ಟ್‌ಟೈಮ್‌ನವರು ಲೆಕ್ಕದಲ್ಲೇ ಇಲ್ಲ. ಪದವಿ ತೆಗೆದುಕೊಳ್ಳದೆ ನ್ಯೂಜೆರ್ಸಿಯ ದೊಡ್ಡ ಯೂನಿವರ್ಸಿಟಿಯಾದ ರಟ್ಗರ್ಸ್‌ಗೆ ವರ್ಗವಾಗಿ ಅಲ್ಲಿ ಬಿಎ ಮುಗಿಸಿದವರೂ ಇಲ್ಲಿ ಮುಗಿಸಿದವರ ಸಾಲಿಗೆ ಬರುವುದಿಲ್ಲ. ನಿಮ್ಮ ವಿದ್ಯಾರ್ಥಿಗಳ ದೊಡ್ಡ ಪಾಲನ್ನು ಬಿಟ್ಟು ಮಾಡಿದ ಲೆಕ್ಕ ಅದು. 2015-16ರಿಂದ ಸರ್ಕಾರವೇ ಇನ್ನೊಂದು ಲೆಕ್ಕವನ್ನೂ ಕೇಳುತ್ತಿದೆ. ಅದರಲ್ಲಿ ಪಾರ್ಟ್‌ಟೈಮ್‌ನವರೂ ಇದ್ದಾರೆ, ಬೇರೆ ಕಡೆಯಿಂದ ಬಂದವರೂ ಇದ್ದಾರೆ, ಎಂಟು ವರ್ಷ ಹಿಂಬಾಲಿಸಿ ನೋಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರೆಸಿಡೆಂಟ್‌ಗೆ ತೋರಿಸಿ.

ಜೊತೆಗೆ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್‌ಗೆ ನಿಮ್ಮ ಹಳೇ ಬ್ಯಾಚಿನ ಪಟ್ಟಿ ಕಳಿಸಿ. 1993ರಿಂದ ಇರುವ ಲಾಭರಹಿತ ಸಂಸ್ಥೆ ಅದು. ದೇಶದ ಬಹುತೇಕ ಕಾಲೇಜುಗಳ ದಾಖಲಾತಿ ಅಲ್ಲಿ ಸೇರುತ್ತದೆ. ನಿಮ್ಮಲ್ಲಿ 'ಬಿಟ್ಟರು' ಅಂತ ಬರೆದಿರುವವರಲ್ಲಿ ಎಷ್ಟು ಜನ ಪಕ್ಕದ ಕೌಂಟಿಯ ಕಾಲೇಜಿನಲ್ಲಿ ಕೂತಿದ್ದಾರೆ ಅನ್ನುವುದು ಅಲ್ಲಿಂದ ಬಂದ ಫೈಲ್ ತೆರೆದಾಗಲೇ ಗೊತ್ತಾಗುವುದು.

ವಿದ್ಯಾರ್ಥಿ ಏನಕ್ಕೆ ಸೇರಿದ್ದ ಅನ್ನುವುದೂ ಮುಖ್ಯ. ನಮ್ಮವರನ್ನೇ ನೋಡಿ. ಗಂಡನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬಂದ ಎಷ್ಟೋ ಹೆಣ್ಣುಮಕ್ಕಳು ಬಿಇ, ಎಂಎಸ್ಸಿ ಮುಗಿಸಿಯೇ ಬಂದಿರುತ್ತಾರೆ. ಇಲ್ಲಿ ಒಂದು ಅಕೌಂಟಿಂಗೋ ಪೈಥಾನೋ ಕೋರ್ಸ್ ತೆಗೆದುಕೊಂಡು, ಬೇಕಾದ್ದು ಕಲಿತು ಹೋಗುತ್ತಾರೆ. ಅವರನ್ನು ಡ್ರಾಪ್‌ಔಟ್ ಅಂತ ಬರೆದರೆ ಹೇಗೆ? ಅರ್ಜಿಯಲ್ಲಿ 'ಪದವಿ ಬೇಕು' ಅಂತ ಗುರುತು ಹಾಕಿದ್ದಾರೆ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಕೇಂದ್ರದ ಹಣಸಹಾಯ ಸಿಗಬೇಕಾದರೆ ಪದವಿಗೋ ಸರ್ಟಿಫಿಕೇಟಿಗೋ ಸೇರಿರಲೇಬೇಕು. ಹಾಗಾಗಿ ಸುಮ್ನೆ ಗುರುತು ಹಾಕುವವರು ಇದ್ದೇ ಇರುತ್ತಾರೆ. ಮೊದಲ ವರ್ಷ ಏನೇನು ಕೋರ್ಸ್ ತೆಗೆದುಕೊಂಡರು ಅಂತ ನೋಡಿದರೆ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಆ ಗುರುತಿಗಿಂತ ಚೆನ್ನಾಗಿ ತಿಳಿಯುತ್ತದೆ.

ಈಗ ಎಕ್ಸೆಲ್ ತೆರೆಯಿರಿ. ಐದಾರು ವರ್ಷ ಹಿಂದಿನ ಒಂದು ಫಾಲ್ (ಆಗಸ್ಟ್-ಸೆಪ್ಟೆಂಬರಿನಲ್ಲಿ ಸೇರುವ) ಬ್ಯಾಚ್ ಸಾಕು. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ಅರ್ಜಿ ಹಾಕಿದ ದಿನ, ಕೋರ್ಸಿಗೆ ಹೆಸರು ಬರೆಸಿದ ದಿನ, ಮೊದಲ ಸೆಮಿಸ್ಟರಿನಲ್ಲಿ ತೆಗೆದುಕೊಂಡ ಕ್ರೆಡಿಟ್, ಅದರಲ್ಲಿ ಪಾಸಾದದ್ದು, ಮೊದಲ ವರ್ಷದಲ್ಲೇ ಕಾಲೇಜು ಮಟ್ಟದ ಗಣಿತ ಮುಗಿಯಿತಾ, ಇಂಗ್ಲಿಷ್ ಮುಗಿಯಿತಾ, ಸ್ಪ್ರಿಂಗ್‌ಗೆ (ಜನವರಿಯ ಸೆಮಿಸ್ಟರಿಗೆ) ಬಂದರಾ, ಮುಂದಿನ ಫಾಲ್‌ಗೆ ಬಂದರಾ, ಕೊನೆಯ ಸಲ ಕಂಡದ್ದು ಯಾವ ಸೆಮಿಸ್ಟರ್, ಆಗ ಕೈಯಲ್ಲಿದ್ದ ಒಟ್ಟು ಕ್ರೆಡಿಟ್, ಆಗಿನ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ), ಖಾತೆ ಮೇಲೆ ಹೋಲ್ಡ್ (ಬಾಕಿ ಇದೆ ಅಂತ ಹೆಸರು ಬರೆಸದಂತೆ ಹಾಕಿದ ತಡೆ) ಇತ್ತಾ, ಕ್ಲಿಯರಿಂಗ್‌ಹೌಸ್ ಏನು ಹೇಳಿತು. ಇಷ್ಟೇ ಕಾಲಮ್. ಹೋಲ್ಡ್ ತೆಗೆದ ಮೇಲೆ ಅದರ ಗುರುತೇ ಉಳಿಯದ ಸಿಸ್ಟಂಗಳಿವೆ. ಹಾಗಾಗಿ ಪ್ರತಿ ಸೆಮಿಸ್ಟರ್ ಸೆನ್ಸಸ್ ದಿನದಂದು (ವಿದ್ಯಾರ್ಥಿಗಳನ್ನು ಅಧಿಕೃತವಾಗಿ ಎಣಿಸುವ ದಿನ) ಡೇಟಾದ ಒಂದು ಪ್ರತಿ ತೆಗೆದಿಡುವ ಅಭ್ಯಾಸವನ್ನು ಈ ವರ್ಷದಿಂದಲೇ ಶುರು ಮಾಡಿ. ಮುಂದೆ ಅದೇ ನಿಮ್ಮ ಕೈ ಹಿಡಿಯುತ್ತದೆ.

ಶೀಟ್ ಆದಮೇಲೆ 'ಕೊನೆಯ ಸಲ ಕಂಡ ಸೆಮಿಸ್ಟರ್' ಕಾಲಮ್ಮಿನ ಮೇಲೆ ಸಾರ್ಟ್ ಮಾಡಿ, ಬಿಟ್ಟವರ ಜಿಪಿಎ ನೋಡಿ. ಬಿಟ್ಟವರೆಲ್ಲ ಫೇಲಾದವರಲ್ಲ ಅನ್ನುವುದು ತಕ್ಷಣ ಕಣ್ಣಿಗೆ ಬೀಳುತ್ತದೆ. ಈ ಕ್ಷೇತ್ರದಲ್ಲಿ ನನಗೆ ಇವತ್ತಿಗೂ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಶೋಧನೆ ಹೇಳುವುದೂ ಇದನ್ನೇ. ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಿನಲ್ಲಿ ಕಮ್ಯುನಿಟಿ ಕಾಲೇಜ್ ರಿಸರ್ಚ್ ಸೆಂಟರ್ ಅಂತ ಇದೆ. ಅಲ್ಲಿನವರು 57 ಕಾಲೇಜುಗಳ ಸುಮಾರು ಎರಡೂವರೆ ಲಕ್ಷ ವಿದ್ಯಾರ್ಥಿಗಳ ದಾಖಲೆ ಹಿಡಿದು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೇರಿದ ಮೇಲೆ, ಯಾವ ಕೋರ್ಸಿಗೆ ಹಾಕಬೇಕು ಅಂತ ನೋಡಲು ಕೊಡುವ ಪರೀಕ್ಷೆಯಲ್ಲಿ ಕಮ್ಮಿ ಅಂಕ ಬಂದವರನ್ನು ರಿಮಿಡಿಯಲ್ ಕೋರ್ಸಿಗೆ, ಅಂದರೆ ಹೈಸ್ಕೂಲು ಮಟ್ಟದ ಪಾಠವನ್ನೇ ಮತ್ತೆ ಹೇಳಿಕೊಡುವ ಕೋರ್ಸಿಗೆ ಹಾಕುತ್ತಿದ್ದರು. ಗಣಿತದಲ್ಲಿ ಹೀಗೆ ಒಂದಾದ ಮೇಲೊಂದು ಎರಡು, ಮೂರು ಕೋರ್ಸ್. ಫೀಸು ಕಟ್ಟಬೇಕು, ಪದವಿಗೆ ಕ್ರೆಡಿಟ್ ಸಿಗುವುದಿಲ್ಲ. ಗಣಿತದ ಈ ಸಾಲನ್ನು ದಾಟಿದವರು ಮೂರರಲ್ಲಿ ಒಬ್ಬರು. ಉಳಿದವರು ಫೇಲಾದರು ಅಂತ ಎಲ್ಲರೂ ಅಂದುಕೊಂಡಿದ್ದರು. ದಾಖಲೆ ಬೇರೆಯೇ ಹೇಳಿತು. ಫೇಲಾಗಿ ಹೋದವರಿಗಿಂತ, ಮೊದಲನೆಯದಕ್ಕೋ ಮುಂದಿನದಕ್ಕೋ ಹೆಸರೇ ಬರೆಸದೆ ಹೋದವರು ಜಾಸ್ತಿ. ಅವರಲ್ಲಿ ಒಂದು ಕೋರ್ಸನ್ನೂ ಫೇಲಾಗದೆ, ತೆಗೆದುಕೊಂಡದ್ದನ್ನೆಲ್ಲ ಪಾಸು ಮಾಡಿ, ಮುಂದಿನದಕ್ಕೆ ಬಾರದೆ ನಿಂತವರೂ ಇದ್ದರು!

ಯೋಚಿಸಿ ನೋಡಿ. ಪಾಠ ಇನ್ನೂ ಚೆನ್ನಾಗಿ ಮಾಡುವುದರಿಂದಲೋ ಟ್ಯೂಷನ್ ಕೊಡುವುದರಿಂದಲೋ ಇದು ಸರಿಹೋಗುವುದಿಲ್ಲ. ಕೋರ್ಸುಗಳ ಸಾಲೇ ಉದ್ದವಾಯಿತು. ಪ್ರತಿ ಸೆಮಿಸ್ಟರ್ ನಡುವಿನ ರಜೆಯೂ ಬಿಟ್ಟುಹೋಗಲು ಒಂದು ಅವಕಾಶ. ಅದೂ ಅಲ್ಲದೆ, 2012ರಲ್ಲಿ ಅದೇ ಸೆಂಟರಿನವರು ಕೋರ್ಸಿಗೆ ಹಾಕಲು ಬಳಸುವ ಆ ಪರೀಕ್ಷೆಯನ್ನೇ ಪರಿಶೀಲಿಸಿದರು. ಗಣಿತದಲ್ಲಿ ಸುಮಾರು ಕಾಲು ಭಾಗ, ಇಂಗ್ಲಿಷಿನಲ್ಲಿ ಸುಮಾರು ಮೂರನೇ ಒಂದು ಭಾಗ ಜನರನ್ನು ತೀರಾ ತಪ್ಪು ಕೋರ್ಸಿಗೆ ಹಾಕಲಾಗಿತ್ತು. ಹೈಸ್ಕೂಲಿನ ಜಿಪಿಎ ಅದಕ್ಕಿಂತ ಚೆನ್ನಾಗಿ ದಾರಿ ತೋರಿಸುತ್ತಿತ್ತು. ಆ ಪರೀಕ್ಷೆಗಳಲ್ಲಿ ಒಂದಾದ ಕಂಪಾಸ್ ಅನ್ನು ಅದರ ಕಂಪನಿಯೇ 2016ರಲ್ಲಿ ಕೈಬಿಟ್ಟಿತು. ಟೆನೆಸ್ಸೀ ರಾಜ್ಯ 2015ರ ಫಾಲ್‌ನಿಂದ ರಿಮಿಡಿಯಲ್ ಸಾಲನ್ನೇ ತೆಗೆದುಹಾಕಿ, ನೇರ ಕಾಲೇಜು ಗಣಿತಕ್ಕೆ ಸೇರಿಸಿ, ಜೊತೆಯಲ್ಲೇ ಹೆಚ್ಚುವರಿ ಪಾಠ ಇಟ್ಟಿತು. ಅಂಥ ವಿದ್ಯಾರ್ಥಿಗಳಲ್ಲಿ ಮೊದಲ ವರ್ಷವೇ ಕಾಲೇಜು ಗಣಿತ ಪಾಸಾಗುತ್ತಿದ್ದವರು ಮುಂಚೆ ನೂರಕ್ಕೆ 12ರಷ್ಟು. ಬದಲಾವಣೆ ಆದಮೇಲೆ ಅರ್ಧದಷ್ಟು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ಮಾಡಿ, ಹೈಸ್ಕೂಲಿನ ಅಂಕ ನೋಡಿಯೇ ಕೋರ್ಸಿಗೆ ಹಾಕಬೇಕು ಅಂದಿತು.

ಇಲ್ಲಿ ಯಾವ ಕಡೆಯೂ ವಿದ್ಯಾರ್ಥಿಯ ಭವಿಷ್ಯ ಹೇಳುವ ಸಾಫ್ಟ್‌ವೇರ್ ಇರಲಿಲ್ಲ ನೋಡಿ. ಎಣಿಸಿದರು, ಯಾವ ನಿಯಮ ಜನರನ್ನು ಹೊರಗೆ ಹಾಕುತ್ತಿದೆ ಅಂತ ಕಂಡುಕೊಂಡರು, ನಿಯಮ ಬದಲಾಯಿಸಿದರು.

ನಿಮ್ಮ ಶೀಟಿನಲ್ಲಿ ಇನ್ನೊಂದು ಫಿಲ್ಟರ್ ಹಾಕಿ: 45 ಕ್ರೆಡಿಟ್‌ಗಿಂತ ಜಾಸ್ತಿ, ಜಿಪಿಎ 2.0ಗಿಂತ ಜಾಸ್ತಿ, ಪದವಿ ಇಲ್ಲ, ಈಗ ಎಲ್ಲೂ ಓದುತ್ತಿಲ್ಲ. ಪದವಿಗೆ ಬೇಕಾದದ್ದು 60. ಈ ಪಟ್ಟಿಯನ್ನು ಪ್ರಿಂಟ್ ತೆಗೆದು, ರಿಜಿಸ್ಟ್ರಾರ್ ಆಫೀಸಿನ ಒಬ್ಬರ ಪಕ್ಕದಲ್ಲಿ ಕೂತು ಒಂದೊಂದೇ ಹೆಸರಿನ ಡಿಗ್ರಿ ಆಡಿಟ್ (ಪದವಿಗೆ ಏನು ಮುಗಿದಿದೆ, ಏನು ಬಾಕಿ ಅನ್ನುವ ಪಟ್ಟಿ) ತೆರೆಸಿ. ಕೆಲವರು ಎಲ್ಲವನ್ನೂ ಮುಗಿಸಿ ಗ್ರಾಜುಯೇಷನ್ ಅರ್ಜಿ ಮಾತ್ರ ಹಾಕಿರುವುದಿಲ್ಲ. ಕೆಲವರಿಗೆ ಒಂದೇ ಒಂದು ಗಣಿತ ಬಾಕಿ. ಇನ್ನು ಕೆಲವರ ಖಾತೆ ಮೇಲೆ ಪಾರ್ಕಿಂಗ್ ದಂಡವೋ ಲೈಬ್ರರಿ ಬಾಕಿಯೋ ಇದ್ದು, ಅದು ತೀರದೆ ಸಿಸ್ಟಂ ಮುಂದಿನ ಸೆಮಿಸ್ಟರಿಗೆ ಹೆಸರು ಬರೆಸಲು ಬಿಡುತ್ತಿರುವುದಿಲ್ಲ. ನಲವತ್ತು ಡಾಲರಿನ ಬಾಕಿಗೆ ಕಾಲೇಜು ಸಾವಿರಗಟ್ಟಲೆ ಡಾಲರಿನ ಫೀಸು ಕಳೆದುಕೊಳ್ಳುತ್ತಿದೆ ಅಂತ ಅಕೌಂಟ್ಸ್ ವಿಭಾಗದವರಿಗೆ ಅವರದೇ ಭಾಷೆಯಲ್ಲಿ ಹೇಳಿ ನೋಡಿ, ಬೇಗ ಕಿವಿಗೆ ಹೋಗುತ್ತದೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ ಇಂಥ ಸಣ್ಣ ಬಾಕಿಗೆ ಹೊರಗೆ ಬೀಳುತ್ತಿದ್ದವರನ್ನು ಹುಡುಕಿ 2011ರಿಂದ ಸಣ್ಣ ಗ್ರಾಂಟ್ ಕೊಡಲು ಶುರು ಮಾಡಿತು. ಅದು ಸರಾಸರಿ ಸಾವಿರ ಡಾಲರ್ ಕೂಡ ಇರಲಿಲ್ಲ. ಆ ಯೂನಿವರ್ಸಿಟಿಯ ಹೆಸರು ಕೇಳಿದರೆ ಜನಕ್ಕೆ, ವಿದ್ಯಾರ್ಥಿ ದಾರಿ ತಪ್ಪುತ್ತಿದ್ದಾನೆ ಅಂತ ಕಂಪ್ಯೂಟರ್ ಎಚ್ಚರಿಸುವ ಅದರ ಎಂಟುನೂರು ಬಗೆಯ ಅಲರ್ಟ್‌ಗಳು ಮಾತ್ರ ನೆನಪಾಗುತ್ತವೆ. ನನಗೇನೋ ಈ ಗ್ರಾಂಟೇ ಜಾಣತನದ ಕೆಲಸ ಅನ್ನಿಸುತ್ತದೆ. ಒಂದು ಮಾತು ಸೇರಿಸಬೇಕು: ಅಲರ್ಟ್‌ಗಳ ಜೊತೆಗೆ ಅವರು ವಿದ್ಯಾರ್ಥಿಗೆ ದಾರಿ ಹೇಳುವ ಹೊಸ ಅಡ್ವೈಸರ್‌ಗಳನ್ನೂ ನೇಮಿಸಿಕೊಂಡರು. ಮಾರಾಟಕ್ಕೆ ಬರುವವರು ಆ ಭಾಗ ಹೇಳುವುದು ಕಮ್ಮಿ.

ಈಗ ಒಡೆಸ್ಸಾ ಕಾಲೇಜಿನ ವಿಷಯ. ಡೇಟಾ ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಪಶ್ಚಿಮ ಟೆಕ್ಸಾಸ್‌ನ ಎಣ್ಣೆ ಬಾವಿಗಳ ಊರು ಅದು. ಸೆಮಿಸ್ಟರ್ ಮಧ್ಯದಲ್ಲೇ ಕೋರ್ಸ್ ಬಿಡುವವರು ಅಲ್ಲಿ ದೊಡ್ಡ ತಲೆನೋವಾಗಿದ್ದರು. 2011ರ ಹೊತ್ತಿಗೆ ಅವರು ಯಾರು ಬಿಡುತ್ತಾರೆ ಅಂತ ಡೇಟಾ ತೆಗೆದರು. ಗಂಡು ಹೆಣ್ಣು, ವಯಸ್ಸು, ಜನಾಂಗ, ಬಡತನ, ಹೀಗೆ ವಿದ್ಯಾರ್ಥಿಯ ಕಡೆಯಿಂದ ಹೇಗೆ ನೋಡಿದರೂ ಉತ್ತರ ಸಿಗಲಿಲ್ಲ. ವ್ಯತ್ಯಾಸ ಕಂಡದ್ದು ಮೇಷ್ಟ್ರ ಕಡೆಯಿಂದ ನೋಡಿದಾಗ. ಕೆಲವರ ಕ್ಲಾಸಿನಲ್ಲಿ ಬಿಡುವವರು ತೀರಾ ಕಮ್ಮಿ. ಪಕ್ಕದ ಕೋಣೆಯಲ್ಲಿ ಅದೇ ಥರದ ವಿದ್ಯಾರ್ಥಿಗಳು ಬಿಟ್ಟು ಹೋಗುತ್ತಿದ್ದರು. ಹಾಗಂತ ಕಮ್ಮಿ ಜನ ಬಿಡುವ ಕ್ಲಾಸಿನ ಮೇಷ್ಟ್ರುಗಳು ಸುಲಭವಾಗಿ ಅಂಕ ಹಾಕುವವರೂ ಅಲ್ಲ, ಒಂದೇ ಥರ ಪಾಠ ಮಾಡುವವರೂ ಅಲ್ಲ.

ಅಷ್ಟರಲ್ಲಿ ಡೇಟಾದ ಕೆಲಸ ಮುಗಿದಿತ್ತು. ಮುಂದಿನದನ್ನು ಅವರು ಬಾಯಿಬಿಟ್ಟು ಕೇಳಿದರು. ಕಮ್ಮಿ ಜನ ಬಿಡುವ ಮೇಷ್ಟ್ರುಗಳ ಹತ್ತಿರ ಕೂತು, ನೀವು ಏನು ಮಾಡುತ್ತೀರಿ ಅಂತ ಕೇಳಿದರು. ಸಿಕ್ಕಿದ್ದು ನಾಲ್ಕು ವಿಷಯ. ಶುರುವಿನಲ್ಲೇ ಎಲ್ಲರ ಹೆಸರು ಕಲಿತು, ಹೆಸರು ಹಿಡಿದು ಕರೆಯುವುದು. ಸೆಮಿಸ್ಟರ್ ಶುರುವಾದ ಕೆಲವೇ ದಿನದಲ್ಲಿ ಪ್ರತಿಯೊಬ್ಬರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುವುದು. ಯಾರಾದರೂ ಹಿಂದೆ ಬೀಳುತ್ತಿದ್ದಾರೆ ಅನ್ನಿಸಿದ ಕೂಡಲೇ ವಿಚಾರಿಸುವುದು. ಸಿಲಬಸ್, ಗಡುವು ಎಲ್ಲ ಕಟ್ಟುನಿಟ್ಟಾಗಿ ಇಟ್ಟು, ಮಗುವಿಗೆ ಹುಷಾರಿಲ್ಲ, ಶಿಫ್ಟ್ ಬದಲಾಯಿತು ಅಂತ ಬಂದಾಗ ಸ್ವಲ್ಪ ಸಡಿಲ ಬಿಡುವುದು. ನಮ್ಮ ಹೈಸ್ಕೂಲು ಮೇಷ್ಟ್ರು ಮಾಡುತ್ತಿದ್ದದ್ದೂ ಇದೇ ಅಲ್ವಾ ಅನ್ನಬಹುದು ನೀವು. ಹೌದು. ಆದರೆ ಇದನ್ನು ಇಡೀ ಕಾಲೇಜಿನ ಪದ್ಧತಿ ಮಾಡಿದ್ದು ದೊಡ್ಡ ವಿಷಯ. ಬಿಡುವವರ ಪ್ರಮಾಣ ಇಳಿಯಿತು. ಆಮೇಲೆ 2014ರಲ್ಲಿ ಹದಿನಾರು ವಾರದ ಹೆಚ್ಚಿನ ಕೋರ್ಸುಗಳನ್ನು ಎಂಟೆಂಟು ವಾರಕ್ಕೆ ಇಳಿಸಿದರು. ಒಂದು ಸಲಕ್ಕೆ ಐದು ಕೋರ್ಸ್ ಹೊರುವ ಬದಲು ಎರಡೋ ಮೂರೋ.

ಇದನ್ನು ನೀವೂ ಮಾಡಬಹುದು, ಆದರೆ ನಾಜೂಕಾಗಿ. ಮೇಷ್ಟ್ರುವಾರು ಪಟ್ಟಿ ತೆಗೆದು ಡೀನ್‌ಗಳಿಗೆಲ್ಲ ಇಮೇಲ್ ಮಾಡಿದರೆ ಅವತ್ತೇ ಯೂನಿಯನ್‌ನಿಂದ ಫೋನ್ ಬರುತ್ತದೆ. ಕಮ್ಮಿ ಜನ ಬಿಡುವವರನ್ನು ಮಾತ್ರ ಹುಡುಕಿ, ಅವರಿಂದ ಕಲಿಯಲು ಹೋಗಿ. ಜಾಸ್ತಿ ಬಿಡುವವರ ಹೆಸರು ನಿಮ್ಮ ಕಂಪ್ಯೂಟರಿನಲ್ಲೇ ಇರಲಿ. ಒಬ್ಬರದೇ ಒಂದು ಸೆಮಿಸ್ಟರಿನ ಅಂಕಿ ನೋಡಿ ತೀರ್ಮಾನಕ್ಕೂ ಬರಬೇಡಿ. ಇಪ್ಪತ್ತೈದು ಜನರ ಕ್ಲಾಸಿನಲ್ಲಿ ನಾಲ್ಕು ಜನ ಬಿಡುವುದಕ್ಕೂ ಏಳು ಜನ ಬಿಡುವುದಕ್ಕೂ ಸುಮ್ನೆ ಅದೃಷ್ಟವೇ ಕಾರಣ ಇರಬಹುದು.

ಇದೇ ಟೆಕ್ಸಾಸ್‌ನ ಅಮರಿಲೋ ಕಾಲೇಜು ಬೇರೆ ಕಡೆಯಿಂದ ಹೋಯಿತು. ನಿಮಗೆ ಅಡ್ಡ ಏನು ಅಂತ ವಿದ್ಯಾರ್ಥಿಗಳನ್ನೇ ಕೇಳಿದರು. ಮೇಲೆ ಬಂದದ್ದು ಊಟ, ಬಾಡಿಗೆ, ಮಕ್ಕಳನ್ನು ನೋಡಿಕೊಳ್ಳುವವರು, ಓಡಾಟ. ಪಾಠ ಕಷ್ಟ ಅನ್ನುವುದು ಆಮೇಲೆ. ತಮ್ಮ ಸರಾಸರಿ ವಿದ್ಯಾರ್ಥಿ ಪಾರ್ಟ್‌ಟೈಮ್ ಓದುವ, ಎರಡು ಕೆಲಸ ಮಾಡುವ, ಮಕ್ಕಳಿರುವ ಹೆಣ್ಣುಮಗಳು ಅಂತ ಡೇಟಾದಿಂದ ಕಂಡುಕೊಂಡು, ಅವಳಿಗೆ ಮರಿಯಾ ಅಂತ ಹೆಸರಿಟ್ಟರು. ಯಾವ ನಿಯಮ ಮಾಡುವಾಗಲೂ ಮರಿಯಾಗೆ ಇದು ಆಗುತ್ತದಾ ಅಂತ ಕೇಳುತ್ತಿದ್ದರು. ಕಾಲೇಜಿನ ಒಳಗೇ ಆಹಾರ, ತುರ್ತು ಹಣಸಹಾಯದ ಕೇಂದ್ರ ತೆರೆದರು. 2023ರಲ್ಲಿ ಕಮ್ಯುನಿಟಿ ಕಾಲೇಜುಗಳಿಗೆ ಕೊಡುವ ಆಸ್ಪೆನ್ ಬಹುಮಾನ ಹಂಚಿಕೊಂಡ ಎರಡು ಕಾಲೇಜುಗಳಲ್ಲಿ ಅದೂ ಒಂದು.

ಈಗ ಆ ಸಾಫ್ಟ್‌ವೇರ್. ಮಾರುವವರು ತೋರಿಸುವ ಗ್ರಾಫ್ ಹೀಗಿರುತ್ತದೆ: ನಮ್ಮ ವ್ಯವಸ್ಥೆ ಬಳಸಿದ ವಿದ್ಯಾರ್ಥಿಗಳು ಉಳಿದುಕೊಂಡದ್ದು ಇಷ್ಟು, ಬಳಸದವರು ಇಷ್ಟು. ಈ ಹೋಲಿಕೆಯಲ್ಲೇ ಮೋಸ ಇದೆ. ಪರ್ಡ್ಯೂ ಯೂನಿವರ್ಸಿಟಿಯ ಕೋರ್ಸ್ ಸಿಗ್ನಲ್ಸ್ ಅನ್ನುವ ವ್ಯವಸ್ಥೆ ಒಂದು ಕಾಲಕ್ಕೆ ತುಂಬ ಹೆಸರು ಮಾಡಿತ್ತು. ವಿದ್ಯಾರ್ಥಿ ಕೋರ್ಸಿನಲ್ಲಿ ಎಷ್ಟು ಅಪಾಯದಲ್ಲಿದ್ದಾನೆ ಅಂತ ಟ್ರಾಫಿಕ್ ಲೈಟಿನ ಹಾಗೆ ಕೆಂಪು, ಹಳದಿ, ಹಸಿರು ತೋರಿಸುತ್ತಿತ್ತು. ಅದನ್ನು ಬಳಸುವ ಎರಡೋ ಅದಕ್ಕಿಂತ ಹೆಚ್ಚೋ ಕೋರ್ಸ್ ತೆಗೆದುಕೊಂಡವರು ಕಾಲೇಜಿನಲ್ಲಿ ಉಳಿಯುವುದು ಬಹಳ ಜಾಸ್ತಿ ಅಂತ ಪ್ರಚಾರವಾಯಿತು. 2013ರಲ್ಲಿ ಕೆಲವರು ಸರಳ ಪ್ರಶ್ನೆ ಕೇಳಿದರು. ಕಾಲೇಜಿನಲ್ಲಿ ಉಳಿದವರು ತಾನೇ ಹೆಚ್ಚು ಕೋರ್ಸ್ ತೆಗೆದುಕೊಳ್ಳಲು ಸಾಧ್ಯ? ಮೊದಲ ಸೆಮಿಸ್ಟರಿನಲ್ಲೇ ಬಿಟ್ಟವನಿಗೆ ಎರಡನೇ ಕೋರ್ಸ್ ಎಲ್ಲಿಂದ ಬರಬೇಕು? ಒಬ್ಬರಂತೂ ವಿದ್ಯಾರ್ಥಿಗಳಿಗೆ ಲಾಟರಿ ಎತ್ತಿ ಚಾಕಲೇಟ್ ಹಂಚಿದ ಹಾಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಎರಡು ಚಾಕಲೇಟ್ ಸಿಕ್ಕವರು ಕಾಲೇಜಿನಲ್ಲಿ ಉಳಿದದ್ದು ಜಾಸ್ತಿ ಅಂತಲೇ ಆ ಲೆಕ್ಕದಲ್ಲೂ ಬಂತು! ನಿಮ್ಮ ಕಂಪನಿಯವರ ಗ್ರಾಫಿನಲ್ಲಿ ಈ ಚಾಕಲೇಟ್ ಎಲ್ಲಿ ಅಡಗಿದೆ ಅಂತ ಹುಡುಕಿ.

ಸರಿ, ಸಾಫ್ಟ್‌ವೇರ್ ಒಳಗಿನ ಲೆಕ್ಕದ ಮಾದರಿ (ಮಾಡೆಲ್) ನಿಜವಾಗಿಯೂ ಚೆನ್ನಾಗಿ ಊಹಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ಏನು? ನಿಮ್ಮಲ್ಲಿ ಮೂವರು ಅಡ್ವೈಸರ್ ಇದ್ದು, ಒಬ್ಬೊಬ್ಬರು ವಾರಕ್ಕೆ 40 ಜನರ ಜೊತೆ ಮಾತಾಡಲು ಆಗುತ್ತದೆ ಅಂದುಕೊಳ್ಳಿ. ಒಟ್ಟು 120. ಡ್ಯಾಶ್‌ಬೋರ್ಡ್ 2,000 ಹೆಸರಿಗೆ ಕೆಂಪು ಬಣ್ಣ ಹಚ್ಚಿದರೆ ಎರಡನೇ ವಾರಕ್ಕೆ ಅದನ್ನು ತೆರೆಯುವವರೇ ಇರುವುದಿಲ್ಲ. ಅಡ್ವೈಸಿಂಗ್‌ಗೆ ತಂತ್ರಜ್ಞಾನ ಸೇರಿಸಿದ ಮೂರು ಕಡೆ, ಅದರಲ್ಲಿ ಪೆನ್ಸಿಲ್ವೇನಿಯಾದ ಒಂದು ಕಮ್ಯುನಿಟಿ ಕಾಲೇಜೂ ಇತ್ತು, ವಿದ್ಯಾರ್ಥಿಗಳನ್ನು ಲಾಟರಿಯಲ್ಲಿ ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿದರು. ವಿದ್ಯಾರ್ಥಿಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೆಸೇಜ್ ಕಳಿಸುವುದೂ ಅಷ್ಟೇ. ಹಣಸಹಾಯದ ಅರ್ಜಿಯನ್ನು ಮತ್ತೆ ತುಂಬಿ ಅಂತ ಮೊದಲ ವರ್ಷದವರಿಗೆ ನೆನಪಿಸಿದ ಸಣ್ಣ ಪ್ರಯೋಗವೊಂದರಲ್ಲಿ ಕಮ್ಯುನಿಟಿ ಕಾಲೇಜಿನವರು ಎರಡನೇ ವರ್ಷಕ್ಕೆ ಉಳಿದದ್ದು ಚೆನ್ನಾಗಿ ಏರಿತು. ಅಂಥದ್ದನ್ನೇ ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಮಟ್ಟದಲ್ಲಿ ಕಳಿಸಿದಾಗ ಪರಿಣಾಮ ಸೊನ್ನೆ. ಗೊತ್ತಿಲ್ಲದ ನಂಬರಿನಿಂದ ಬಂದ ಸಾಮಾನ್ಯ ಮೆಸೇಜನ್ನು ಯಾರು ಓದುತ್ತಾರೆ ಹೇಳಿ? 'ನೀವು ಅಪಾಯದಲ್ಲಿರುವ ವಿದ್ಯಾರ್ಥಿ ಎಂದು ಗುರುತಿಸಲಾಗಿದೆ, ದಯವಿಟ್ಟು ಸಂಪರ್ಕಿಸಿ' ಅಂತ ಬಂದರೆ ಇರುವ ಧೈರ್ಯವೂ ಹೋಗುತ್ತದೆ. 'ಸ್ಪ್ರಿಂಗ್ ರಿಜಿಸ್ಟ್ರೇಷನ್ ಸೋಮವಾರ ಶುರು. ನಿಮಗೆ ಮುಂದೆ ಬೇಕಾದ್ದು ಸ್ಟ್ಯಾಟಿಸ್ಟಿಕ್ಸ್. ಸಂಜೆ ಆರರ ಬ್ಯಾಚಿನಲ್ಲಿ ಜಾಗ ಇದೆ. ಹೆಸರು ಹಾಕಲಾ? ಇಲ್ಲೇ ಉತ್ತರಿಸಿ' ಅಂತ ಅವರಿಗೆ ಪರಿಚಯ ಇರುವ ಅಡ್ವೈಸರ್ ಹೆಸರಿನಲ್ಲಿ ಹೋದರೆ ಅದೇ ಒಂದು ಸಹಾಯ. ಈ ಎರಡನೇ ಮೆಸೇಜ್ ಬರೆಯಲು ಬೇಕಾದ ಡೇಟಾ ಯಾವುದು? ಅವರು ಮುಗಿಸಿದ ಕೋರ್ಸುಗಳ ಪಟ್ಟಿ ಮತ್ತು ನಿಮ್ಮ ಟೈಮ್‌ಟೇಬಲ್.

ಏನು ಕೆಲಸ ಮಾಡುತ್ತದೆ ಅಂತ ಗಟ್ಟಿಯಾಗಿ ತೋರಿಸಿದ್ದು ನಿಮ್ಮ ಪಕ್ಕದ ನ್ಯೂಯಾರ್ಕಿನಲ್ಲೇ ಇದೆ. ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ನಡೆಸುವ ಅಸಾಪ್ ಯೋಜನೆ, 2007ರಲ್ಲಿ ಶುರುವಾಯಿತು. ಫುಲ್‌ಟೈಮ್ ಓದಬೇಕು ಅನ್ನುವ ಷರತ್ತು. ಅದಕ್ಕೆ ಬದಲಾಗಿ ಫೀಸಿನ ಕೊರತೆ ತುಂಬುತ್ತಾರೆ, ಪುಸ್ತಕ ಕೊಡುತ್ತಾರೆ, ಸಬ್‌ವೇ ಪಾಸ್ ಕೊಡುತ್ತಾರೆ. ಶುರುವಿನ ವರ್ಷಗಳಲ್ಲಿ ಒಬ್ಬ ಅಡ್ವೈಸರ್‌ಗೆ 60ರಿಂದ 80 ವಿದ್ಯಾರ್ಥಿಗಳಿದ್ದರು. ಅದೇ ಕಾಲೇಜುಗಳಲ್ಲಿ ಯೋಜನೆಯ ಹೊರಗಿನವರಿಗೆ ಆಗ ಒಬ್ಬ ಅಡ್ವೈಸರ್‌ಗೆ 600ರಿಂದ 1,500 ಜನ! ಪಾಸ್ ಬೇಕಾದರೆ ಅಡ್ವೈಸರ್‌ನನ್ನು ಕಾಣಲೇಬೇಕು. ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ 896 ವಿದ್ಯಾರ್ಥಿಗಳನ್ನು ಲಾಟರಿಯಲ್ಲಿ ಎರಡು ಗುಂಪು ಮಾಡಿ ನೋಡಿತು. 2015ರಲ್ಲಿ ಬಂದ ಫಲಿತಾಂಶ: ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಅಸಾಪ್‌ನಲ್ಲಿ ಶೇ 40, ಹೊರಗೆ ಶೇ 22. ಒಹಾಯೋದ ಮೂರು ಕಾಲೇಜುಗಳಲ್ಲಿ ಮತ್ತೆ ಮಾಡಿದಾಗ ಶೇ 35 ಮತ್ತು ಶೇ 19. ಖರ್ಚು ಜಾಸ್ತಿ, ನ್ಯೂಯಾರ್ಕಿನಲ್ಲಿ ಮೂರು ವರ್ಷಕ್ಕೆ ತಲಾ ಸುಮಾರು 16,000 ಡಾಲರ್ ಹೆಚ್ಚುವರಿ. ಆದರೂ ಮುಗಿಸಿದವರ ಲೆಕ್ಕದಲ್ಲಿ ಭಾಗಿಸಿದರೆ ಒಂದು ಪದವಿಗೆ ತಗಲಿದ ಖರ್ಚು ಅಲ್ಲಿ ಮುಂಚೆಗಿಂತ ಕಮ್ಮಿ ಬಂತು. ಅಸಾಪ್‌ನವರು ಡೇಟಾ ಬಳಸುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಬಳಸುತ್ತಾರೆ. ಯಾರು ಅಡ್ವೈಸರ್‌ನನ್ನು ಕಂಡರು, ಯಾರು ಕಾಣಲಿಲ್ಲ ಅನ್ನುವ ಲೆಕ್ಕ ಅವರ ಹತ್ತಿರ ಸದಾ ಇರುತ್ತದೆ. ಅಲ್ಲಿ ಡೇಟಾ ಕಾವಲು ಕಾಯುವುದು ಕಾಲೇಜಿನವರು ತಮ್ಮ ಮಾತು ಉಳಿಸಿಕೊಂಡರಾ ಅನ್ನುವುದನ್ನು.

ನಿಮಗೆ ಅಷ್ಟು ದುಡ್ಡಿಲ್ಲ ಅನ್ನುವುದು ಗೊತ್ತು. ಇರುವ 120 ಮಾತುಕತೆಗಳನ್ನಾದರೂ ಸರಿಯಾಗಿ ಹಂಚಿ. ಸಾಫ್ಟ್‌ವೇರ್ ಇಲ್ಲದೆ ಸಿಗುವ ಸುಳಿವುಗಳೇ ಸಾಕಷ್ಟಿವೆ. ಮೊದಲ ವಾರ ಕ್ಯಾನ್ವಾಸ್‌ಗೆ (ಕೋರ್ಸಿನ ಪಾಠ, ಅಂಕ ಇರುವ ವೆಬ್‌ಸೈಟಿಗೆ) ಒಮ್ಮೆಯೂ ಲಾಗಿನ್ ಆಗದವರು, ಹಣಸಹಾಯದ ಕಾಗದ ಅರ್ಧಕ್ಕೆ ನಿಂತವರು, ರಿಜಿಸ್ಟ್ರೇಷನ್ ತೆರೆದು ಮೂರು ವಾರವಾದರೂ ಹೆಸರು ಬರೆಸದವರು. ನಾಲ್ಕನೇ ವಾರದ ಅಂಕಗಳೂ ಒಳ್ಳೆಯ ಸುಳಿವೇ. ಆದರೆ ನಾಲ್ಕನೇ ವಾರಕ್ಕೆ ಒಂದಾದರೂ ಅಂಕ ತುಂಬಿರುವ ಸೆಕ್ಷನ್‌ಗಳು ಎಷ್ಟು ಅಂತ ಮೊದಲು ನೋಡಿ. ಅರ್ಧಕ್ಕರ್ಧ ಖಾಲಿ ಇದ್ದರೆ ಯಾವ ಮಾದರಿಯೂ ಏನನ್ನೂ ಊಹಿಸಲಾರದು. ಪಟ್ಟಿಯಲ್ಲಿ 240 ಹೆಸರಿದ್ದು 120 ಜನರ ಜೊತೆ ಮಾತ್ರ ಮಾತಾಡಲು ಆಗುವುದಾದರೆ, ಲಾಟರಿ ಎತ್ತಿ ಆರಿಸಿ. ಯಾರಿಗೂ ಪಕ್ಷಪಾತ ಆಗುವುದಿಲ್ಲ. ಸೆಮಿಸ್ಟರ್ ಮುಗಿದ ಮೇಲೆ, ಫೋನ್ ಮಾಡಿದ್ದರಿಂದ ಏನಾದರೂ ಆಯಿತಾ ಅನ್ನುವುದಕ್ಕೆ ಯಾರೂ ಅಲ್ಲಗಳೆಯಲಾಗದ ಉತ್ತರವೂ ಸಿಗುತ್ತದೆ.

ಸರಿಯಾ ಅಂತ ಕೇಳಿದ್ದಿರಿ. ಕಾನೂನಿನ ಪ್ರಕಾರ ಸರಿ. 1974ರ ಫೆರ್ಪಾ ಕಾಯ್ದೆ ವಿದ್ಯಾರ್ಥಿಯ ದಾಖಲೆಯನ್ನು ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಕೊಡುವುದನ್ನು ತಡೆಯುತ್ತದೆ. ಕಾಲೇಜಿಗೆ ಬಂದ ಮೇಲೆ ದಾಖಲೆಯ ಮೇಲಿನ ಹಕ್ಕು ಅಪ್ಪ ಅಮ್ಮನದ್ದಲ್ಲ, ವಿದ್ಯಾರ್ಥಿಯದ್ದೇ. ಆದರೆ ಓದಿನ ಕೆಲಸಕ್ಕೆ ಬೇಕಾದ ಸಿಬ್ಬಂದಿ ಒಳಗೆ ನೋಡಬಹುದು. ಕಾನೂನು ಬಿಡುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲವನ್ನೂ ಮಾಡುವುದಾ ಅನ್ನುವುದು ಬೇರೆ ಪ್ರಶ್ನೆ. ಮೇರಿಲ್ಯಾಂಡ್‌ನ ಮೌಂಟ್ ಸೇಂಟ್ ಮೇರೀಸ್ ಯೂನಿವರ್ಸಿಟಿಯಲ್ಲಿ ಏನಾಯಿತು ನೋಡಿ. ಹೊಸ ವಿದ್ಯಾರ್ಥಿಗಳಿಗೆ ಒಂದು ಸಮೀಕ್ಷೆ ಕೊಟ್ಟು, ಮುಂದೆ ಬಿಡಬಹುದು ಅನ್ನಿಸಿದವರನ್ನು ಅಧಿಕೃತ ಎಣಿಕೆಯ ದಿನಕ್ಕೂ ಮೊದಲೇ ಹೊರಗೆ ಕಳಿಸುವ ಯೋಚನೆ ಅಲ್ಲಿನ ಅಧ್ಯಕ್ಷರಿಗಿತ್ತು. ಎಣಿಕೆಗೆ ಸಿಗದಿದ್ದರೆ ಶೇಕಡಾವಾರು ಚೆನ್ನಾಗಿ ಕಾಣುತ್ತದೆ! ವಿದ್ಯಾರ್ಥಿ ಪತ್ರಿಕೆ 2016ರ ಜನವರಿಯಲ್ಲಿ ಅದನ್ನು ಹೊರಗೆ ಹಾಕಿತು, ಮುಂದಿನ ತಿಂಗಳೇ ಅವರು ರಾಜೀನಾಮೆ ಕೊಟ್ಟರು. ಅಂಕಿಯನ್ನೇ ಗುರಿ ಮಾಡಿಕೊಂಡರೆ ಜನ ಎಲ್ಲಿಗೆ ಮುಟ್ಟುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ವಿಷಯ, ಜನಾಂಗದ್ದು. 2021ರಲ್ಲಿ ದಿ ಮಾರ್ಕಪ್ ಅನ್ನುವ ಸುದ್ದಿಸಂಸ್ಥೆ ಹಲವು ದೊಡ್ಡ ಯೂನಿವರ್ಸಿಟಿಗಳಲ್ಲಿ ಇಂಥ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಹಾಕಿದ ಅಪಾಯದ ಅಂಕಗಳನ್ನು ತರಿಸಿ ನೋಡಿತು. ಜನಾಂಗವನ್ನೇ ಒಂದು ಕಾರಣವಾಗಿ ಬಳಸುತ್ತಿದ್ದರು. ಕೆಲವು ಕಡೆ ಕಪ್ಪು ವಿದ್ಯಾರ್ಥಿಗಳಿಗೆ ಹೆಚ್ಚು ಅಪಾಯ ಅನ್ನುವ ಗುರುತು ಬಿಳಿಯರಿಗಿಂತ ನಾಲ್ಕು ಪಟ್ಟಿನವರೆಗೂ ಬಿದ್ದಿತ್ತು. ಆ ಬಣ್ಣ ನೋಡಿದ ಅಡ್ವೈಸರ್ 'ಇಂಜಿನಿಯರಿಂಗ್ ಕಷ್ಟ, ಬೇರೆ ತಗೋ' ಅಂದರೆ ಆ ಹುಡುಗನ ಕತೆ ಮುಗಿಯಿತು. ನನ್ನ ಅಭಿಪ್ರಾಯ ಸ್ಪಷ್ಟ. ಯಾವ ಗುಂಪಿಗೆ ಕಾಲೇಜು ಅನ್ಯಾಯ ಮಾಡುತ್ತಿದೆ ಅಂತ ನೋಡಲು ಜನಾಂಗದ ಡೇಟಾ ಬಳಸಲೇಬೇಕು. ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಅಂಕ ಹಾಕಲು ಬಳಸಕೂಡದು. ಪಿನ್‌ಕೋಡ್, ಓದಿದ ಹೈಸ್ಕೂಲು ಇವೂ ಹಿಂಬಾಗಿಲಿನಿಂದ ಅದೇ ಮಾಹಿತಿ ತರುತ್ತವೆ, ಹುಷಾರು.

ಇನ್ನು ಪ್ರೆಸಿಡೆಂಟ್ ಜೊತೆಗಿನ ಮೀಟಿಂಗು. ಬರಿಗೈಯಲ್ಲಿ 'ಬೇಡ' ಅನ್ನಬೇಡಿ. ಶೀಟಿನಿಂದ ತೆಗೆದ ಎರಡು ಪುಟ ಒಯ್ಯಿರಿ: ಒಂದರಲ್ಲಿ ಯಾವ ಸೆಮಿಸ್ಟರಿನಲ್ಲಿ, ಎಷ್ಟು ಕ್ರೆಡಿಟ್ಟಿನ ಹತ್ತಿರ, ಯಾವ ಜಿಪಿಎ ಇರುವವರು ಬಿಟ್ಟರು. ಇನ್ನೊಂದರಲ್ಲಿ 45 ಕ್ರೆಡಿಟ್ ದಾಟಿ ನಿಂತವರ ಎಣಿಕೆ, ಅವರಲ್ಲಿ ಹೋಲ್ಡ್ ಇರುವವರು ಎಷ್ಟು. ಆಮೇಲೂ ಅವರಿಗೆ ಸಾಫ್ಟ್‌ವೇರ್ ಬೇಕು ಅನ್ನಿಸಿದರೆ ಕಂಪನಿಗೆ ಈ ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳಿಸಿ, ಬರಹದಲ್ಲೇ ಉತ್ತರ ಕೇಳಿ. ಲಾಟರಿ ಮೂಲಕ ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ ಇದೆಯಾ? ಮೊದಲ ಸೆಮಿಸ್ಟರ್ ಶುರುವಾಗುವ ದಿನ ಸಿಗುವ ಡೇಟಾ ಮಾತ್ರ ಬಳಸಿ ಎಷ್ಟು ಸರಿಯಾಗಿ ಊಹಿಸುತ್ತದೆ? ಯಾವ ಯಾವ ಕಾಲಮ್‌ಗಳಿಂದ ಅಂಕ ಬರುತ್ತದೆ, ಜನಾಂಗ ಅದರಲ್ಲಿದೆಯಾ? ನಮ್ಮ ವಿದ್ಯಾರ್ಥಿಗಳ ದಾಖಲೆಯಿಂದ ಬೇರೆ ಕಾಲೇಜಿಗೆ ಮಾರುವ ಮಾದರಿಯನ್ನೂ ಕಲಿಸುತ್ತೀರಾ? ಒಪ್ಪಂದ ಮುಗಿದ ದಿನ ಆ ದಾಖಲೆಗಳನ್ನು ಎಷ್ಟು ದಿನದೊಳಗೆ ಅಳಿಸುತ್ತೀರಿ, ಅಳಿಸಿದ್ದಕ್ಕೆ ಏನು ಪತ್ರ ಕೊಡುತ್ತೀರಿ?